ಗುಜರಿ ಡಬ್ಬದ ಪರೀಕ್ಷೆ

ಆ ಪಟ್ಟಿಯನ್ನು ಕಂಡರೇ ಚಿಕ್ಕಮ್ಮನಿಗೆ ಆಗುತ್ತಿರಲಿಲ್ಲ. ಅಕ್ಕನ ಮಗಳಿಗೆ ಎಂಜಿನಿಯರಿಂಗ್ ಓದುವ ಆಸೆ. ಶಾಲೆಯ ಸಲಹೆಗಾರ್ತಿ ಒಂಬತ್ತು ಯೂನಿವರ್ಸಿಟಿಗಳ ಹೆಸರು ಬರೆದು ಮೂರು ಗುಂಪು ಮಾಡಿದ್ದಳು: ಸಿಕ್ಕರೆ ಪುಣ್ಯ, ಸಿಗಬಹುದು, ಸಿಕ್ಕೇ ಸಿಗುತ್ತದೆ. ಜೊತೆಗೆ ಫೋಟೋಗಳು ಬೇರೆ.

"ಎಲ್ಲರೂ ಹುಲ್ಲಿನ ಮೇಲೆ ಕೂತು ಹಲ್ಲು ಬಿಡ್ತಿದಾರಲ್ಲೇ! ವರ್ಕ್‌ಶಾಪ್ ಫೋಟೋ ಎಲ್ಲಿ?" ಎಂದಳು ಚಿಕ್ಕಮ್ಮ.

ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತ ಬಂದವಳು ಅವಳು. ಮನೆಯಲ್ಲಿ ಸ್ಪ್ಯಾನರ್ ಹಿಡಿಯಲು ಬರುತ್ತಿದ್ದದ್ದು ಅವಳಿಗೆ ಮತ್ತು ಈ ಹುಡುಗಿಗೆ ಮಾತ್ರ. ರಜೆ ಬಂದರೆ ಹುಡುಗಿ ಚಿಕ್ಕಮ್ಮನ ಬೆನ್ನು ಹತ್ತುತ್ತಿದ್ದಳು. ಟಾರ್ಚ್ ಹಿಡಿದು ನಿಂತು, ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ ಎಂದು ತಲೆ ತಿನ್ನುತ್ತಿದ್ದಳು. ಅದಕ್ಕೇ ಅವಳಿಗೆ 'ಯಾಕಮ್ಮ' ಎಂದು ಹೆಸರಾಗಿತ್ತು.

"ಹಾಗಾದ್ರೆ ನೀನೇ ಆರಿಸು ಚಿಕ್ಕಮ್ಮ. ನಂಗೆ ನಿನ್ನ ಕಣ್ಣಿನ ಮೇಲೆ ನಂಬಿಕೆ," ಎಂದಳು ಯಾಕಮ್ಮ.

ಚಿಕ್ಕಮ್ಮನ ಹತ್ತಿರ ಒಂದೇ ಒಂದು ಪರೀಕ್ಷೆ ಇತ್ತು. ಯಾವ ಕಾರ್ಖಾನೆಗೆ ಹೋದರೂ ಅವಳು ಮೊದಲು ನೋಡುವುದು ಮುರಿದ, ಕೆಟ್ಟ ತುಂಡುಗಳನ್ನು ಎಸೆಯುವ ಗುಜರಿ ಡಬ್ಬ. ಡಬ್ಬ ತುಂಬಿದ್ದರೆ ಅಲ್ಲಿ ಜನ ಕೈ ಕೊಳೆ ಮಾಡಿಕೊಂಡು ಕೆಲಸ ಮಾಡುತ್ತಾರೆ ಎಂದು ಅರ್ಥ. ಖಾಲಿ ಇದ್ದರೆ ಬರೀ ಬಾಯಿಮಾತು.

ಇಬ್ಬರೂ ಒಂದೊಂದೇ ಯೂನಿವರ್ಸಿಟಿ ನೋಡಲು ಹೊರಟರು. ಗಾಜಿನ ಕಟ್ಟಡದ ಹೆಸರುವಾಸಿ ಯೂನಿವರ್ಸಿಟಿಯ ಕಥೆ ಅಲ್ಲೇ ಮುಗಿಯಿತು. ಅದರ ವರ್ಕ್‌ಶಾಪಿಗೆ ಬೀಗ, ಕಿಟಕಿಯಲ್ಲಿ ಇಣುಕಿದರೆ ಒಳಗಿನ ಡಬ್ಬ ತೊಳೆದಿಟ್ಟ ಪಾತ್ರೆಯಂತೆ ಫಳಫಳ. ಒಟ್ಟು ಏಳು ಹೆಸರುಗಳಿಗೆ ಹೀಗೇ ಗೀಟು ಬಿತ್ತು. ಉಳಿದದ್ದು ಎರಡು, ಎರಡೂ 'ಸಿಗಬಹುದು' ಗುಂಪಿನವೇ. ಒಂದು ಮನೆಯಿಂದ ಎರಡೇ ಬಸ್ ಸ್ಟಾಪು, ಇನ್ನೊಂದು ಬಸ್ಸಿನಲ್ಲಿ ಒಂಬತ್ತು ಗಂಟೆ ದೂರ. ಫಾರಮ್ಮಿನಲ್ಲಿ ಮೊದಲು ಬರೆದದ್ದು ಸಿಕ್ಕರೆ ಅಲ್ಲಿಗೇ ಹೋಗಬೇಕು, ಆಮೇಲೆ ಬದಲಾಯಿಸುವಂತಿಲ್ಲ.

ಹತ್ತಿರದ್ದರ ಡಬ್ಬ ಕಂಠಮಟ್ಟ ತುಂಬಿತ್ತು. ಚಿಕ್ಕಮ್ಮನಿಗೆ ಹಾಲು ಕುಡಿದಷ್ಟು ಸಂತೋಷ! ಯಾಕಮ್ಮ ಮನೆಯಲ್ಲೇ ಇರುತ್ತಾಳೆ, ರಜೆಯಲ್ಲಿ ಟಾರ್ಚ್ ಹಿಡಿಯುತ್ತಾಳೆ, ತಲೆಯನ್ನೂ ತಿನ್ನುತ್ತಾಳೆ. "ನೋಡ್ದ್ಯಾ? ಇದಕ್ಕಿಂತ ಇನ್ನೇನು ಬೇಕು?" ಎನ್ನುತ್ತ ನೆನಪಿಗೆಂದು ಡಬ್ಬದಿಂದ ನಾಲ್ಕಾರು ತುಂಡುಗಳನ್ನು ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಅವನ್ನು ಮೇಜಿನ ಮೇಲೆ ಹರವಿದಾಗ ಅವಳ ಮುಖ ಸಪ್ಪಗಾಯಿತು. ಎಲ್ಲವೂ ಅಂಗೈ ಅಗಲದ ಒಂದೇ ಥರದ ಕಬ್ಬಿಣದ ತುಂಡುಗಳು. ಒಂದೊಂದರಲ್ಲೂ ನಾಲ್ಕು ತೂತು. ಕೆಲವು ಹೊಸವು, ಕೆಲವಕ್ಕೆ ವರ್ಷಗಳ ತುಕ್ಕು. ಆದರೆ ಎಲ್ಲದರಲ್ಲೂ ನಾಲ್ಕನೆಯ ತೂತು ಓರೆ, ಅದೂ ಒಂದೇ ಕಡೆಗೆ. ಅದು ಮಕ್ಕಳ ಕೈತಪ್ಪಲ್ಲ, ತೂತು ಕೊರೆಯುವಾಗ ತುಂಡನ್ನು ಹಿಡಿದಿಡುವ ಅಚ್ಚೇ ಸವೆದುಹೋಗಿದೆ. ಇಷ್ಟು ವರ್ಷ ಮಕ್ಕಳು ಕೊರೆದರು, ಮೇಷ್ಟ್ರು ಬಿಸಾಕಿಸಿದರು, ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಚಿಕ್ಕಮ್ಮ ತುಂಡುಗಳನ್ನು ಟೂಲ್ ಬಾಕ್ಸಿನ ತಳಕ್ಕೆ ಹಾಕಿ ಮುಚ್ಚಳ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಮರುವಾರ ದೂರದ್ದನ್ನೂ ನೋಡಿ ಬಂದರು. ಅಲ್ಲಿಯ ಡಬ್ಬ ಅರ್ಧಕ್ಕರ್ಧ ಖಾಲಿ. ಯಾಕಮ್ಮ ಮಾತ್ರ ಅದರೊಳಗೆ ತಲೆ ಹಾಕಿದವಳು ಹೊರಗೆ ತೆಗೆಯಲೇ ಇಲ್ಲ. ಮುರಿದ ಒಂದೊಂದು ಭಾಗಕ್ಕೂ ಒಂದೊಂದು ಚೀಟಿ ಕಟ್ಟಿತ್ತು. "ಮೂರನೇ ಸಲ. ಗೇರಿನ ಹಲ್ಲು ಮುರಿಯಿತು. ಕಾರಣ: ಭಾರದ ಅಂದಾಜು ತಪ್ಪಿತು." ಅವಳು ಒಂದಾದ ಮೇಲೊಂದು ಎತ್ತಿ ಓದುತ್ತಲೇ ಇದ್ದಳು. ವಾಪಸು ಹೊರಡುವ ಬಸ್ಸು ಇನ್ನೇನು ತಪ್ಪಿಹೋಗುತ್ತಿತ್ತು.

ಭಾನುವಾರ ಸಂಜೆ ಐದಕ್ಕೆ ಫಾರಂ ಕಳಿಸುವ ಗಡುವು. ನಾಲ್ಕೂ ಮುಕ್ಕಾಲಿಗೆ ಯಾಕಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮೊದಲ ಸಾಲಿನಲ್ಲಿ ಹತ್ತಿರದ್ದರ ಹೆಸರಿತ್ತು.

"ದೂರದ್ದು ನಂಗೆ ತುಂಬಾ ಹಿಡಿಸ್ತು," ಎಂದಳು. "ಆದ್ರೆ ಡಬ್ಬ ಅರ್ಧ ಖಾಲಿ ಇತ್ತಲ್ಲ. ನಿನ್ನ ಲೆಕ್ಕದಲ್ಲಿ ಹತ್ತಿರದ್ದೇ ಗೆದ್ದಿದ್ದು. ಒತ್ತಿ ಬಿಡ್ಲಾ ಚಿಕ್ಕಮ್ಮ?"

ಹೂಂ ಎಂದರೆ ಮುಗಿದಿತ್ತು. ಆದರೆ ಇಷ್ಟು ವರ್ಷ ಎಷ್ಟೋ ಜನ ಚಿಕ್ಕಮ್ಮನ ಮಾತು ನಂಬಿ ಲಿಫ್ಟಿನೊಳಗೆ ಕಾಲಿಟ್ಟಿದ್ದರು. ಸರಿಯಿಲ್ಲದ್ದನ್ನು ಸರಿಯಿದೆ ಎಂದು ಅವಳು ಒಮ್ಮೆಯೂ ಹೇಳಿದವಳಲ್ಲ.

"ತಡಿಯೇ," ಎಂದವಳೇ ಟೂಲ್ ಬಾಕ್ಸ್ ತಂದು ತುಂಡುಗಳನ್ನು ಮೇಜಿನ ಮೇಲೆ ಸುರಿದಳು. "ಡಬ್ಬ ತುಂಬಿದ್ರೆ ಸಾಕು ಅಂದ್ಕೊಂಡಿದ್ದೆ. ನಾನೊಬ್ಬಳು ಪೆದ್ದಿ. ಏನು ತುಂಬಿದೆ ಅಂತ ನೋಡು."

ಯಾಕಮ್ಮ ಒಂದೊಂದನ್ನೇ ಬೆಳಕಿಗೆ ಹಿಡಿದಳು. ಮೂರನೆಯದಕ್ಕೇ ಅವಳ ಹುಬ್ಬು ಗಂಟಿಕ್ಕಿತು.

"ಎಲ್ಲ ಒಂದೇ ಕಡೆ ಓರೆ. ಅಚ್ಚು ಸವೆದಿದೆ ಅಲ್ವಾ? ಯಾಕೆ ಯಾರೂ ರಿಪೇರಿ ಮಾಡಿಲ್ಲ?" ಆಮೇಲೆ ತಲೆಯೆತ್ತಿದಳು. "ನಿಂಗೆ ಇದು ಯಾವಾಗ ಗೊತ್ತಾಯ್ತು?"

"ಅವತ್ತೇ ಸಂಜೆ."

"ಮತ್ಯಾಕೆ ಹೇಳ್ಲಿಲ್ಲ?"

ಚಿಕ್ಕಮ್ಮನಿಗೆ ನಾಚಿಕೆಯೂ ದುಃಖವೂ ಒಟ್ಟಿಗೆ ಬಂತು. "ನೀನು ಹೋದ್ರೆ ನಂಗೆ ಬೇಜಾರು ಕಣೇ," ಎಂದಳು. "ಈಗ ಅದೆಲ್ಲ ಬಿಡು. ಗಂಟೆ ನೋಡು, ಹೆಸರು ಬದಲಾಯಿಸು."

ಯಾಕಮ್ಮ ಹೆಸರುಗಳನ್ನು ಅದಲುಬದಲು ಮಾಡಿ, ಐದಕ್ಕೆ ನಾಲ್ಕು ನಿಮಿಷ ಇರುವಾಗ ಫಾರಂ ಕಳಿಸಿದಳು. ಚಿಕ್ಕಮ್ಮ ಮುಖ ತೊಳೆಯುವ ನೆಪ ಮಾಡಿಕೊಂಡು ಒಳಗೆ ಹೋದಳು.

ತಿರುಗಿ ಬಂದಾಗ ತುಂಡುಗಳೆಲ್ಲ ಟೂಲ್ ಬಾಕ್ಸಿನಲ್ಲಿ ನೀಟಾಗಿ ಕೂತಿದ್ದವು. ಮೇಲಿನ ತುಂಡಿನ ಓರೆ ತೂತಿಗೆ ದಾರ ಪೋಣಿಸಿ ಒಂದು ಚೀಟಿ ಕಟ್ಟಿತ್ತು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಓದಿದಳು.

"ಮೊದಲನೇ ಸಲ. ಚಿಕ್ಕಮ್ಮ ನಿಜ ಮುಚ್ಚಿಟ್ಟಳು. ಕಾರಣ: ಟಾರ್ಚ್ ಹಿಡಿಯಲು ಬೇರೆ ಯಾರೂ ಇಲ್ಲ. ರಿಪೇರಿ: ರಜೆ ಸಿಕ್ಕಾಗಲೆಲ್ಲ ಬರುತ್ತೇನೆ."