ಲೇಸರ್ ಇಲ್ಲದ ಬಿಸಿ

ಅವಳು ಬರೆದ ಕಂಪ್ಯೂಟರ್ ಪ್ರೋಗ್ರಾಮಿನ ನೆತ್ತಿಯ ಮೇಲಿದ್ದ ಅವಳ ಹೆಸರನ್ನು ಅಳಿಸಿ ಭಾವ ತಮ್ಮ ಹೆಸರು ಬರೆದುಕೊಂಡರು. ಗಂಡನ ಅಣ್ಣ, ಸಾಲದ್ದಕ್ಕೆ ಪ್ರಯೋಗಾಲಯದಲ್ಲಿ ಅವಳ ಮೇಲಧಿಕಾರಿ. ಬೈಯುವಂತಿಲ್ಲ, ಬಿಡುವಂತೆಯೂ ಇಲ್ಲ. ಅವಳು ಬಾಯಿಗೆ ಬೀಗ ಹಾಕಿಕೊಂಡು ಕಾದಳು.

ಲೇಸರ್ ಬೆಳಕು ಲೋಹದ ತೆಳುಹಾಳೆಗೆ ಬಡಿದು ಅದು ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಸುಡು ಅನಿಲ, ಆದಾಗ ಎಲೆಕ್ಟ್ರಾನುಗಳು ಎತ್ತೆತ್ತ ಓಡುತ್ತವೆಂದು ಕಂಪ್ಯೂಟರಿನಲ್ಲಿ ಹಿಂಬಾಲಿಸುವ ಪ್ರೋಗ್ರಾಮು ಅದು. ಅದಕ್ಕಾಗಿ ಜಾಗವನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಹೆಣೆಯಬೇಕು. ಚೌಕ ದೊಡ್ಡದಾದರೆ ಲೆಕ್ಕವೇನೋ ಬೇಗ ಮುಗಿಯುತ್ತದೆ, ಆದರೆ ಕಣಗಳು ತಮ್ಮಷ್ಟಕ್ಕೆ ತಾವೇ ಕಾಯತೊಡಗುತ್ತವೆ. ಒಲೆ ಹಚ್ಚದೆ ಹಾಲು ಉಕ್ಕಿದ ಹಾಗೆ, ಲೆಕ್ಕವೇ ಹುಟ್ಟಿಸಿದ ಸುಳ್ಳು ಬಿಸಿ.

ಸಮ್ಮೇಳನ ಹತ್ತಿರ ಬಂತೆಂದು ಭಾವ ಚೌಕಗಳನ್ನು ಹಿಗ್ಗಿಸಿದ್ದರು. ಊಟದ ಮೇಜಿನಲ್ಲಿ ಅವರು ಬಿಸಿಯ ಗೆರೆ ಏರುವ ಚಿತ್ರ ತೋರಿಸಿದ ಕೂಡಲೇ ಅವಳಿಗೆ ತಿಳಿಯಿತು.

"ನೋಡಮ್ಮ, ಲೇಸರ್ ಇಷ್ಟು ಕಾಯಿಸತ್ತೆ ಅಂತ ಯಾರಾದ್ರೂ ಅಂದ್ಕೊಂಡಿದ್ರಾ?"

"ಯಾರೂ ಇಲ್ಲ ಭಾವ," ಎಂದು ಅವಳು ಅವರ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಕೋಣೆಗೆ ಬಂದ ಮೇಲೆ ಗಂಡ ಕೇಳಿದ: "ಏನೋ ತಪ್ಪಿದೆ ಅಲ್ವಾ? ನಿನ್ನ ಮುಖ ನೋಡಿದೆ. ಅಣ್ಣಂಗೆ ಹೇಳ್ಬಿಡೇ, ಮನೆಯವರು ತಾನೇ."

"ಹೇಳ್ತೀನಿ. ಹೊತ್ತು ಬರ್ಲಿ."

ಸಮ್ಮೇಳನದಲ್ಲಿ ಭಾವ ಮಾತು ಮುಗಿಸಿದ ಮೇಲೆ ಚಪ್ಪಾಳೆ ಪೂರ್ತಿ ನಿಲ್ಲುವ ತನಕ ಅವಳು ಕೂತೇ ಇದ್ದಳು. ತೆನೆ ಬಲಿಯುವ ಮುಂಚೆ ಕುಡುಗೋಲು ಹಿಡಿಯುವವಳಲ್ಲ. ಆಮೇಲೆ ಎದ್ದಳು.

"ಸರ್, ಪ್ರೋಗ್ರಾಮಲ್ಲಿ ಲೇಸರ್ ಆಫ್ ಮಾಡಿ ಒಂದ್ಸಲ ಓಡಿಸ್ತೀರಾ?"

ಭಾವ ನಕ್ಕರು. "ಲೇಸರೇ ಇಲ್ದೆ ಏನಮ್ಮ ಕಾಯತ್ತೆ? ಸರಿ, ನೋಡೇಬಿಡು."

ಎಲ್ಲರೆದುರೇ ಲೆಕ್ಕದ ಚಿಕ್ಕ ತುಂಡೊಂದನ್ನು ಓಡಿಸಿದರು. ಪರದೆಯ ಮೇಲೆ ಬಿಸಿಯ ಗೆರೆ ಕೊಂಚ ಹೊತ್ತು ನೆಲಕಚ್ಚಿ ಮಲಗಿತ್ತು. ಮೆಲ್ಲಗೆ ತಲೆಯೆತ್ತಿತು. ಏರಿತು, ಏರುತ್ತಲೇ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಹೊರಗೆ ಮೆಟ್ಟಿಲ ಬಳಿ ಭಾವ ಅವಳನ್ನು ತಡೆದರು. ಅಂಗಿಯ ಕಾಲರು ಬೆವರಿಗೆ ಒದ್ದೆಯಾಗಿತ್ತು.

"ಮನೇಲೇ ಹೇಳ್ಬಹುದಿತ್ತಲ್ಲಮ್ಮ. ಮಾನ ಮೂರು ಕಾಸಿಗೆ ಹೋಯ್ತು."

"ನನ್ನ ಹೆಸರು ಅಳಿಸೋವಾಗ ಮನೇಲಿ ಕೇಳಿದ್ರಾ?"

ಭಾವ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ನಿನ್ನ ಪ್ರೋಗ್ರಾಮೂ ಹಾಳಾಯ್ತಲ್ಲ. ಇನ್ನು ಅದನ್ನ ಯಾರು ನಂಬ್ತಾರೆ?"

"ನಂದಾ? ಅದರ ಮೇಲೆ ನಿಮ್ಮ ಹೆಸರಿದೆ ಭಾವ."

ಅವಳು ಚಹಾದ ಮೇಜಿಗೆ ನಡೆದಳು. ನಿಂತಿದ್ದವರು ಸರಿದು ದಾರಿ ಬಿಟ್ಟರು, ಒಬ್ಬರೂ ಮಾತಾಡಿಸಲಿಲ್ಲ. ಚಹಾ ಆರಿಹೋಗಿತ್ತು. ಆದರೂ ಅವಳು ಒಂದು ಲೋಟ ಮುಗಿಸಿ, ಎರಡನೆಯದನ್ನೂ ಕೇಳಿ ಹಾಕಿಸಿಕೊಂಡು ಕುಡಿದಳು.