ತಟ್ಟೆಯ ಅಂಚಿನ ಮೊದಲ ಏಟು

ಸಾಹುಕಾರರ ಮೇಜಿನ ಮೇಲೆ ಆ ಹಿತ್ತಾಳೆಯ ತಟ್ಟೆ ಮೂರು ದಿನ ಬೋರಲಾಗಿಯೇ ಬಿದ್ದಿತ್ತು. ನಮ್ಮ ಪಾತ್ರೆ ಕಾರ್ಖಾನೆಯ ಕಾರ್ಮಿಕ ಸಂಘದ ಮೊದಲ ಅರ್ಜಿ ಅದು. ಕುಲುಮೆಯ ಹೊಗೆ ಕುಡಿದು ಇಬ್ಬರು ಕೆಮ್ಮಿ ಕೆಮ್ಮಿ ಸತ್ತಿದ್ದರು. ಗೋಡೆ ಒಡೆದು ಕಿಟಕಿ ಇಡಿಸಿ ಎಂದು ತಟ್ಟೆಯ ನಡುವೆ ಕೊರೆದು, ಅಂಚಿನ ಸುತ್ತ ನಲವತ್ತು ಜನ ಒತ್ತೊತ್ತಾಗಿ ನಮ್ಮ ನಮ್ಮ ಅಚ್ಚು ಹೊಡೆದಿದ್ದೆವು. ತಾನು ಮಾಡಿದ ಪಾತ್ರೆಯ ತಳಕ್ಕೆ ಪ್ರತಿಯೊಬ್ಬನೂ ಹೊಡೆಯುವ ಗುರುತು ಅದು. ಕಾಗದವಾದರೆ ಮೊದಲು ಸಹಿ ಹಾಕಿದವನೇ ಮುಖಂಡನೆಂದು ಸಿಕ್ಕಿಬೀಳುತ್ತಾನೆ. ದುಂಡಗಿನ ಅಂಚಿಗೆ ಮೊದಲೆಲ್ಲಿ? ಈ ಉಪಾಯ ಹೇಳಿದವನು ನನಗೆ ಕೆಲಸ ಕಲಿಸಿದ ಮೌನೇಶಪ್ಪ ಕಾಕಾ.

"ಮೊದಲ ಏಟು ಹಾಕಿದಾಂವ ಸಿಗಲಿ, ಅವನ ಕೈ ಮತ್ತ ಸುತ್ತಿಗಿ ಹಿಡಿಯಾಂಗಿಲ್ಲ," ಎಂದು ಸಾಹುಕಾರರು ಹೇಳಿ ಕಳಿಸಿದ್ದರು.

ನಾಲ್ಕನೆಯ ದಿನ ನನ್ನನ್ನು ಕರೆಸಿದರು. ಕುರ್ಚಿ ತೋರಿಸಿದರು. ನಮ್ಮವರಾರೂ ಅದರ ಮೇಲೆ ಕೂತವರಲ್ಲ.

"ಕಿಟಕಿ ಇಡಸ್ತೀನಪ್ಪ, ಸಿಟ್ಟು ಹೋತು," ಎನ್ನುತ್ತ ತಟ್ಟೆಯನ್ನು ಮಗುಚಿ ನನ್ನತ್ತ ಸರಿಸಿದರು. "ಇದರಾಗ ಮೊದಲಿನ ಏಟು ಯಾವುದಂತ ನಿಮ್ಮಪ್ಪ ಇದ್ದಿದ್ರ ಹೇಳ್ತಿದ್ದ. ನಿನ್ನ ಕೈಲಾಗೂ ಮಾತಲ್ಲ ಬಿಡು."

ನನಗೆ ಮೈಯೆಲ್ಲ ಉರಿದುಹೋಯಿತು. ಆಗ ನನಗೆ ನನ್ನ ಕಸುಬಿನ ಮೇಲೆ ಅಷ್ಟು ಜಂಬ.

"ಯಾಕ ಆಗೂದಿಲ್ರೀ? ಆಮ್ಯಾಲೆ ಬಿದ್ದ ಏಟು ಬಾಜೂದ ಅಚ್ಚನ್ನ ಒತ್ತತೈತಿ. ಎರಡೂ ಕಡೆ ಒತ್ತಿಸಿಕೊಂಡಿದ್ದ ಮೊದಲಿಂದು." ಉಗುರಿನಿಂದ ಅಂಚನ್ನು ತಡವುತ್ತ ಹೋದೆ. "ಇದ ನೋಡ್ರಿ."

ಏಟು ನೋಡಿದೆನೇ ಹೊರತು ಅಚ್ಚು ನೋಡಿರಲಿಲ್ಲ. ಉಗುರಿನ ಕೆಳಗೆ ಕಾಕಾನ ಮೀನಿನ ಗುರುತಿತ್ತು. ಸಾಹುಕಾರರು ತಟ್ಟೆಯನ್ನು ಮೆಲ್ಲಗೆ ಮತ್ತೆ ಬೋರಲು ಹಾಕಿ, "ಹೋಗಿ ಬಾ," ಎಂದರು.

ಓಡಿಹೋಗಿ ಕಾಕಾನಿಗೆ ಹೇಳಬೇಕಿತ್ತು. ಹೇಳಿದರೆ, ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಿದ್ದ. ಅವನ ಪಕ್ಕದಲ್ಲೇ ಕೂತು ಮಧ್ಯಾಹ್ನದವರೆಗೆ ಕೊಡ ಬಡಿದೆ. ನಾನು ಹೇಡಿ, ಬೇರೆ ಮಾತು ಬೇಡ.

ಊಟವಾದ ಮೇಲೆ ಗುರುತಿಲ್ಲದ ಇಬ್ಬರು ಬಂದರು. "ಮೌನೇಶಪ್ಪ, ಸಾವ್ಕಾರ್ರು ಹೊಳಿ ಆಚೆ ಗೋದಾಮಿಗೆ ಕರೀತಾರ."

ಕಾಕಾ ಮೈ ಒರೆಸಿಕೊಂಡು ಎದ್ದ. "ಕುಲುಮಿ ಆರಾಕ ಬಿಡಬ್ಯಾಡೋ ತಮ್ಮಾ, ಈಗ ಬಂದೆ," ಎಂದ.

ಬರಲಿಲ್ಲ. ಹೊಳೆಯಲ್ಲಿ ಹುಡುಕಿದರು, ಗೋದಾಮಿನಲ್ಲಿ ಹುಡುಕಿದರು. ಉಳಿದ ಮೂವತ್ತೊಂಬತ್ತು ಜನ ಕೆಲಸ ನಿಲ್ಲಿಸಿದೆವು. ತಿಂಗಳ ಮೇಲೆ ಕಿಟಕಿ ಬಂತು, ಸಂಘ ಬೇರೂರಿತು.

ಮೊದಲ ಅಧ್ಯಕ್ಷನನ್ನು ಆರಿಸಿದ ದಿನ ಕಾಕಾನ ಹೆಂಡತಿ ಕಾಳಮ್ಮ ಚಿಗವ್ವನೇ ಹಾರ ಹಿಡಿದು ಎದ್ದಳು.

"ನೀ ಅವರ ಕೈಯಾಗ ಬೆಳದಾಂವ. ನೀನ ನಡಸು," ಎಂದಳು.

ಅವಳ ಕೈ ನನ್ನ ಕೊರಳಿಗೆ ಎಟುಕಲಿಲ್ಲ. ನಾನು ತಲೆ ತಗ್ಗಿಸಿದೆ. ಚಪ್ಪಾಳೆ ನಿಂತ ಮೇಲೂ ಅದನ್ನು ಎತ್ತಲಾಗಲಿಲ್ಲ.