ಡ್ರೈಯರ್ ನಿಲ್ಲಿಸಿದವರು

೨೦೦೬ರ ಜನವರಿ. ಬೆಳಗೋಡಿನ ಬಳಿಯ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಡ್ರೈಯರ್ ವಾರದಿಂದ ದಿನವೂ ಬೆಳಿಗ್ಗೆ ಹತ್ತಕ್ಕೆ ನಿಲ್ಲುತ್ತಿತ್ತು. ಅದನ್ನು ಕಾಯುತ್ತಿದ್ದವಳು ಮಾದಮ್ಮ.

"ತೂಕಡಿಸ್ತಾ ಸ್ವಿಚ್ ಒತ್ಬುಟ್ಟಿದೀಯ. ನಾಳೆಯಿಂದ ಬರ್ಬೇಡ" ಎಂದ ಆಳುಗಳ ಲೆಕ್ಕ ನೋಡುವ ರೈಟರ್ ಶಾಂತಮಲ್ಲಪ್ಪ.

"ಹತ್ ಗಂಟೇಲಿ ತೂಕಡಿಸೋರು ನೀವು ಕಣ್ರೀ, ನಾನಲ್ಲ!"

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ತನುಜಾ ಒಂದು ದಿನದ ಗಡುವು ಕೇಳಿದಳು. ಡ್ರೈಯರನ್ನು ನಡೆಸುತ್ತಿದ್ದುದೂ ಅದೇ ಕಂಪ್ಯೂಟರ್. ಡ್ರೈಯರಿನ ತಂತಿ ಸೇರುವ ಪೋರ್ಟನ್ನು ಯಾವ ಪ್ರೋಗ್ರಾಮ್ ಮುಟ್ಟುತ್ತದೆಂದು, ಕಂಪ್ಯೂಟರಿನ ಬುಡದ ಪ್ರೋಗ್ರಾಮಾದ ಕರ್ನಲ್‌ನೊಳಗೇ ಹೊಂಚುಹಾಕಿ ಹೇಳುವ ಟ್ರೇಸರ್ ಅವಳಲ್ಲಿತ್ತು. ಆದರೆ ಡ್ರೈಯರನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡಿಗಾಗಿ ಉಳಿಸಿಕೊಂಡಿದ್ದ ಹಳೆಯ ಕರ್ನಲ್‌ನಲ್ಲಿ ಟ್ರೇಸರ್ ಹುಡುಕುವ ಫಂಕ್ಷನ್ನೇ, ಅಂದರೆ ಪೋರ್ಟ್ ತೆರೆಯುವ ಕೋಡಿನ ತುಣುಕೇ, ಇರಲಿಲ್ಲ. ಅವಳು ಕರ್ನಲ್‌ನ ಕೋಡನ್ನು ಸಾಲುಸಾಲಾಗಿ ಓದಿ, ಅದೇ ಕೆಲಸವನ್ನು ಬೇರೆ ಹೆಸರಿನಲ್ಲಿ ಮಾಡುತ್ತಿದ್ದ ಫಂಕ್ಷನ್ ಹುಡುಕಿ, ಟ್ರೇಸರನ್ನು ಅದಕ್ಕೆ ಸಿಕ್ಕಿಸಿದಳು.

ಮರುದಿನ ಹತ್ತಕ್ಕೆ ಡ್ರೈಯರ್ ನಿಂತಿತು. ಪರದೆಯ ಮೇಲೆ ಒಂದು ಹೆಸರು ಮೂಡಿತು. ಫೈಲುಗಳ ನಕಲು ತೆಗೆಯಲೆಂದು ಕಳೆದ ವಾರ ತನುಜಾಳೇ ಬರೆದು, ದಿನಾ ಹತ್ತಕ್ಕೆ ಓಡಲು ಇಟ್ಟಿದ್ದ ಪ್ರೋಗ್ರಾಮ್ ಅದು. ಸಿಕ್ಕಿದ್ದೆಲ್ಲವನ್ನೂ ತೆರೆಯುತ್ತಾ ಅದು ಡ್ರೈಯರಿನ ಪೋರ್ಟನ್ನೂ ತೆರೆದಿತ್ತು; ತೆರೆದೊಡನೆ ಡ್ರೈಯರ್ ನಿಲ್ಲುತ್ತಿತ್ತು. ಹೆಸರನ್ನು ಮತ್ತೆ ಮತ್ತೆ ಓದಿದಳು.

"ಸಿಕ್ದನಾ ಕಳ್ಳ?" ಬಾಗಿಲಲ್ಲಿ ಶಾಂತಮಲ್ಲಪ್ಪ ಕೇಳಿದ. ಅವನ ಹಿಂದೆ ಮಾದಮ್ಮ ನಿಂತಿದ್ದಳು.

"ಮಾದಮ್ಮ ಅಲ್ಲ ಸಾರ್" ಎಂದಳು ತನುಜಾ. ಪರದೆಯನ್ನು ಅವರತ್ತ ತಿರುಗಿಸಿದಳು. "ನಾನು."